ಕೆನ್ನೆಯ ಅಳತೆ

ಕುಹ್ಮೊ ಊರಿನ ಓಯ್ವ ಕೆಂಪ್ಪಾಯ್ನೆನ್ ಬಂದದ್ದು
ಸೆಪ್ಟೆಂಬರಿನ ಎರಡನೇ ವಾರ,
ಬಲಹುಬ್ಬಿನ ಮೇಲೊಂದು ಅರ್ಧಚಂದ್ರದ ಗಾಯ ಹೊತ್ತು.
ಕೇಳಬೇಕಾಗಿರಲಿಲ್ಲ.
ಹೊಸ ದುರ್ಬೀನು ಕಚ್ಚುವುದೇ ಹಾಗೆ:
ಒಂದೇ ಕಡಿತ, ದುಂಡಗೆ, ಅಂಚೆಯ ಮುದ್ರೆಯಂತೆ.

"ತಾಯ್ಮಿ, ಇದನ್ನು ಮಾಡಿದ್ದು ನಿನ್ನಪ್ಪ" ಎಂದ,
ಕೋವಿಯನ್ನು ಮೇಜಿನ ಮೇಲೆ ಮಲಗಿಸುತ್ತ,
ತಪ್ಪೆಲ್ಲ ಮರದ್ದೇ ಎಂಬಂತೆ.

ಅರವತ್ತೆಂಟರ ಚಳಿಗಾಲ. ನನಗಾಗ ಏಳು.
ಒಲೆಯ ಹಿಂದೆ ಕೂತು ನೋಡಿದ್ದೆ:
ಅಪ್ಪ ಅವನ ಕಣ್ಣು ಮುಚ್ಚಿಸಿ, ಕೋವಿ ಹೆಗಲಿಗೇರಿಸಿ,
"ಈಗ ಬಿಡು" ಎನ್ನುತ್ತಿದ್ದ.
ಬಿಟ್ಟ ಕಣ್ಣಿಗೆ ಹಿಂದಿನ ಕಚ್ಚಿನ ನಡುವೆ
ಮುಂದಿನ ಮೊಳೆ ನಿಂತಿರಬೇಕು, ತಾನಾಗಿ.
ಕತ್ತು ಹುಡುಕಬಾರದು.
ಹುಡುಕಿತೋ, ಮತ್ತೆ ಅರ,
ಮತ್ತೊಂದು ಕೂದಲೆಳೆಯಷ್ಟು ಬರ್ಚ್ ಮರ ನೆಲಕ್ಕೆ.
ಹೀಗೆ ಸವೆದು ಸವೆದು ಕೆನ್ನೆಯ ದಿಣ್ಣೆ
ನಳಿಗೆಯ ಮಟ್ಟಕ್ಕೆ ಇಳಿಯಿತು.
ಬರಿಗಣ್ಣಿನ ಕೋವಿ ತಲೆ ತಗ್ಗಿಸಿದವನಿಗೇ ದಾರಿ ತೋರಿಸುವುದು.

ದುರ್ಬೀನಿನದು ಬೇರೆ ಸಂಸಾರ.
ಅದು ನಳಿಗೆಯ ಮೇಲೆ ಅಟ್ಟ ಕಟ್ಟಿಕೊಂಡು ಕೂತಿದೆ.
ಕಣ್ಣು ಅಟ್ಟ ಹತ್ತಿದರೆ ಕೆನ್ನೆ ಮರ ಬಿಡುತ್ತದೆ,
ಗದ್ದವೊಂದೇ ತಾಗಿ, ಕತ್ತು ಕೊಕ್ಕರೆಯದಾಗಿ,
ಆಧಾರವಿಲ್ಲದ ತಲೆಗೆ
ಕೋವಿ ಒದ್ದು ತನ್ನ ಮಾತು ಹೇಳುತ್ತದೆ.

"ಹಾಗಾದರೆ ಯಾಕೆ ಹಾಕಿಸಿದೆ ಈ ಗಾಜು?"
ಅವನು ಕಿಟಕಿಯತ್ತ ತಿರುಗಿ ಹೇಳಿದ:
"ಕಚ್ಚು, ಮೊಳೆ, ಮೂಸ್. ಮೂವರನ್ನೂ ಒಂದೇ ಸಾಲಿಗೆ ಕರೆದರೆ
ಒಬ್ಬರು ಬರುತ್ತಾರೆ.
ಉಳಿದಿಬ್ಬರು ಮಂಜಿನಲ್ಲಿ ನಿಂತು ನಗುತ್ತಾರೆ."

ಬೋಲ್ಟು ತೆಗೆದಿಟ್ಟು, ಕಣ್ಣು ಮುಚ್ಚಿಸಿದೆ.
"ಈಗ ಬಿಡು."
"ಕತ್ತಲೆ. ಅಂಚಿನಲ್ಲೊಂದು ಹೆರೆಯಷ್ಟು ಬೆಳಕು."

ಕೆನ್ನೆಗೂ ಮರಕ್ಕೂ ನಡುವೆ ಬೆರಳು ತೂರಿಸಿದೆ.
ಎರಡು ಬೆರಳು ಹೋದವು.
ಒಂದು ದುರ್ಬೀನಿನ ಪಾಲು, ಸರಿ. ಇನ್ನೊಂದು?
"ಓಯ್ವ, ಬಲಗಡೆಯ ಹಲ್ಲು ಯಾವಾಗ ಹೋದವು?"
"ಕಳೆದ ಕ್ರಿಸ್‌ಮಸ್‌ಗೆ. ಕಟ್ಟಿಸಿದ್ದೇನೆ. ಡ್ರಾಯರಿನಲ್ಲಿವೆ.
ಕಾಡಿಗೆ ಹೋಗುವಾಗ ಯಾರಿಗೆ ನಗು ತೋರಿಸಲಿ?"

ಮರಕ್ಕೆ ಮರ ಅಂಟಿಸಿ ಎತ್ತರಿಸಬಹುದಿತ್ತು,
ಒಂದು ಮಧ್ಯಾಹ್ನದ ಕೆಲಸ.
ಆದರೆ ಮೊಮ್ಮಗಳು ವಿಯೆನಾ ಇದೇ ಕೋವಿಯಲ್ಲಿ ಕಲಿಯುತ್ತಿದ್ದಾಳೆ,
ಹತ್ತೊಂಬತ್ತರ ಕಣ್ಣು, ಮೂವರೂ ಕರೆದ ಕೂಡಲೇ ಬರುತ್ತಾರೆ.
ದಿಣ್ಣೆ ಏರಿದರೆ ಅವಳ ಮೊಳೆ ಮುಳುಗುತ್ತದೆ;
ಮರವನ್ನು ತೂರಿ ಕೆನ್ನೆ ಕೆಳಗಿಳಿಯಲಾರದು.

ಅವನ ಹಳೆಯ ಉಣ್ಣೆಬೂಟಿನ ಕಾಲು ಕತ್ತರಿಸಿದೆ.
ಮೇಲೆ ಹಿಮಸಾರಂಗದ ತೊಗಲು, ಬಿಚ್ಚಿ ಕಟ್ಟಲು ದಾರ.
ಒಂದು ಪದರ ಗಾಜಿಗೆ,
ಇನ್ನೊಂದೂ ಗಾಜಿಗೇ, ಗಾಜಿನ ಹಸಿವು ದೊಡ್ಡದು,
ಮೂರನೆಯದು ಡ್ರಾಯರಿನ ಹಲ್ಲಿಗೆ.

"ಬಿಡು."
ತುಂಬ ಹೊತ್ತು ಸುಮ್ಮನಿದ್ದ.
ಆಮೇಲೆ: "ಸರೋವರದಾಚೆ ನನ್ನ ದೋಣಿಮನೆಯ ಅಗುಳಿ ಕಾಣುತ್ತಿದೆ."
"ಹಾಕಿದೆಯೋ?"
"ಇಲ್ಲ. ಮರೆತು ಬಂದಿದ್ದೇನೆ."

ವಿಯೆನಾ ಬಂದದ್ದು ಮೊದಲ ಹಿಮ ಬಿದ್ದ ಮೇಲೆ.
ದಾರ ಬಿಚ್ಚಿ, ಗಾಜು ಕಳಚಿ,
ಬೆತ್ತಲೆ ಮರಕ್ಕೆ ಕೆನ್ನೆಯಿಟ್ಟಳು.
ಅಗಸೆ ಎಣ್ಣೆಗೂ ಬಾರದ ಕಂದು ಅಲ್ಲಿ,
ಐವತ್ತು ವರ್ಷದ ಗಡ್ಡ, ಬೆವರು, ಹೊಗೆಸೊಪ್ಪು
ಉಜ್ಜಿ ತಂದ ಬಣ್ಣ.
ಕಣ್ಣು ಬಿಟ್ಟಳು.

ಕತ್ತು ಚೂರು ಹುಡುಕಿತು.
ನಾನು ನೋಡಿದೆ.
ನಾನು ನೋಡಿದ್ದನ್ನು ಅವಳೂ ನೋಡಿದಳು.
ಗೋಡೆಯ ಮೊಳೆಯಲ್ಲಿ ಅಪ್ಪನ ಅರ ತೂಗುತ್ತಿತ್ತು,
ಕೈಗೆಟುಕುವಷ್ಟೇ ದೂರ.

"ತೂಗಲಿ ಬಿಡಿ" ಎಂದಳು,
ಮತ್ತೆ ಕಣ್ಣು ಮುಚ್ಚಿದಳು.